ಸಲೈನ್ ಬಾಟಲಿಯ ಫಿಯೆಟ್

ನನ್ನ ಚೂಡಿದಾರದ ಕಂಕುಳಲ್ಲಿ ಹೊಲಿಗೆ ಬಿಚ್ಚಿತ್ತು.

ಆ ಹೊತ್ತಿಗೆ ನನಗಿದ್ದ ಚಿಂತೆ ಅದೊಂದೇ. ನಂಬಿ!

ಕೊಟ್ಟೂರು ದಾಟಿ ಹರಪನಹಳ್ಳಿ ರಸ್ತೆಯಲ್ಲಿ ಕಾರು ಓಡುತ್ತಿತ್ತು. ಮುಂದೆ, ಡ್ರೈವರ್ ಪಕ್ಕದ ಸೀಟಿನಲ್ಲಿ ನಾನು. ಕಿಟಕಿಯ ಹೊರಗೆ ಎತ್ತಿ ಹಿಡಿದ ಎಡಗೈಯಲ್ಲಿ ಅರ್ಧ ಲೀಟರ್ ಪೆಟ್ರೋಲ್. ನನ್ನ ಹಿಂದೆ ಗಾದೆಪ್ಪ ಎಂಬ ದಾಂಡಿಗ. ಅವನು ಬಾಯಿಗೆ ಸಿಗರೇಟು ಇಟ್ಟುಕೊಂಡು ಬೆಂಕಿಪೊಟ್ಟಣ ಹುಡುಕುತ್ತಿದ್ದ...

ಕೈ ಇಳಿಸಿದರೆ ಎಂಜಿನ್ ಸಾಯುತ್ತದೆ. ಎತ್ತಿಯೇ ಇದ್ದರೆ ರಸ್ತೆ ಬದಿಯ ಹೊಲದವರಿಗೆಲ್ಲ ಹರಿದದ್ದು ಕಾಣುತ್ತದೆ.

'ಸಿಗರೇಟು ಹಚ್ಚಬೇಡಿ.' ಎರಡೇ ಪದ. ಬಾಯಿಗೆ ಬರಲಿಲ್ಲ. ಬಿ.ಎಸ್ಸಿ. ವೈವಾದಲ್ಲೂ ಬಂದಿರಲಿಲ್ಲ. ಉತ್ತರವನ್ನು ಚೀಟಿಯಲ್ಲಿ ಬರೆದುಕೊಟ್ಟು ಪಾಸಾದವಳು ನಾನು.

ಕಾರು ನನ್ನ ಅಜ್ಜ ನಾಗಪ್ಪನದು. ನನಗಿಂತ ವಯಸ್ಸಾದ ಫಿಯೆಟ್. ಇಪ್ಪತ್ತು ವರ್ಷ ನಮ್ಮ ಹಿತ್ತಲಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ನಿಂತಿತ್ತು. ಡಿಕ್ಕಿಯಲ್ಲಿ ಬೆಕ್ಕು ಮೂರು ಸಲ ಮರಿ ಹಾಕಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಅಜ್ಜ ಎಲ್ಲರ ಮುಂದೆ ಹೇಳಿದ.

"ಅದನ್ನ ಯಾರು ಓಡೂ ಹಂಗ ಮಾಡ್ತಾರೋ, ಗಾಡಿ ಅವರದು."

ನಾನು ನಟ್ಟು ಬಿಚ್ಚುವ ಪಾನಾ ಹಿಡಿದೆ.

ಹದಿನಾಲ್ಕು ತಿಂಗಳು! ಫೋನಿನಲ್ಲಿ ವಿಡಿಯೋ ನೋಡಿ ಎಂಜಿನ್ ಬಿಚ್ಚಿದೆ. ಬಿಚ್ಚಿದ ಪ್ರತಿ ನಟ್ಟಿನ ಚಿತ್ರ ಡೈರಿಯಲ್ಲಿ ಬರೆದಿಟ್ಟೆ. ಸೀಟಿಗೆ ಕುರಿಯ ಉಣ್ಣೆ ತುಂಬಿದೆ. ಬಣ್ಣ, ಯಾರದೋ ಟ್ರ್ಯಾಕ್ಟರಿಗೆ ಬಳಿದು ಉಳಿದದ್ದು. ಪೆಟ್ರೋಲ್ ಟ್ಯಾಂಕ್ ತುಕ್ಕು ತಿಂದು ಜರಡಿಯಾಗಿತ್ತು. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ. ಮೆಡಿಕಲ್ ಶಾಪಿನಿಂದ ಸಲೈನ್ ಬಾಟಲಿ ತಂದೆ. ಅದಕ್ಕೆ ಪೆಟ್ರೋಲ್ ತುಂಬಿ ಎತ್ತಿ ಹಿಡಿದರೆ ಪೈಪಿನಲ್ಲಿ ಇಳಿದು ನೇರ ಕಾರ್ಬ್ಯುರೇಟರಿಗೆ!

ಕಾರು ಕೆಮ್ಮಿತು. ನಡುಗಿತು. ಎದ್ದಿತು!

ಅವತ್ತೇ ಅಪ್ಪನ ತಮ್ಮ ಅಮರೇಶ ಕಾಕಾ ಮುಖಕ್ಕೆ ಗ್ರೀಸ್ ಹಚ್ಚಿಕೊಂಡ.

ಕೆಲಸ ಮಾಡಿ ಅಲ್ಲ. ಡಬ್ಬಿಯಿಂದ ತೆಗೆದು, ಕನ್ನಡಿ ನೋಡಿಕೊಂಡು! ಎರಡೂ ಕೆನ್ನೆಗೆ ಒಂದೊಂದು ಬೊಟ್ಟು.

"ಸುಕನ್ಯಾ, ಫೋನ್ ಹಿಡಿ" ಎಂದ.

ಹಿಡಿದೆ.

"ಫ್ರೆಂಡ್ಸ್, ಈ ಕ್ಲಾಸಿಕ್ ಗಾಡಿ ನಾನು ಒಬ್ಬನ ಕೈಯಿಂದ..."

ರೀಲು ಓಡಿತು. ಕಾರಿಗಿಂತ ಚೆನ್ನಾಗಿ ಓಡಿತು. ಮನೆಯವರ ಪ್ರಕಾರ ನಾನು ಕಾಕಾನಿಗೆ ಪಾನಾ ಎತ್ತಿಕೊಡುವ ಹುಡುಗಿ. ದಿನಕ್ಕೊಮ್ಮೆ ಬಂದು ಬಾನೆಟ್ ತಟ್ಟಿ ಹೋಗುತ್ತಿದ್ದವನು ಮೆಕ್ಯಾನಿಕ್. ಅಜ್ಜ ಅವನ ಬೆನ್ನು ಚಪ್ಪರಿಸಿದ. "ಭೇಷ್ ಅಮರೇಶಾ! ಗಾಡಿ ನಿಂದ ನೋಡು."

ನಾನು ಅಲ್ಲೇ ನಿಂತಿದ್ದೆ. ನಿಜವಾದ ಗ್ರೀಸ್ ನನ್ನ ಉಗುರಿನಲ್ಲಿತ್ತು.

ಆ ರೀಲು ನೋಡಿ ಬಂದವನೇ ಯರ್ರಿಸ್ವಾಮಿ. ಹರಪನಹಳ್ಳಿಯ ಕಂಟ್ರ್ಯಾಕ್ಟರ್. ಕಾಕಾನ ಜೇಬಿಗೆ ಮುಂಗಡ ತುರುಕಿದ. ಟ್ರಯಲ್ ಎಂದು ಸ್ಟೇರಿಂಗ್ ಹಿಡಿದ. ಹಿಂದೆ ಗಾದೆಪ್ಪನನ್ನು ಹತ್ತಿಸಿಕೊಂಡ. ಹೊರಟವನು ನಿಲ್ಲಿಸಲೇ ಇಲ್ಲ! ಬಾಟಲಿ ಹಿಡಿದು ಕುಳಿತಿದ್ದ ನನಗೆ ಇಳಿ ಎಂದು ಯಾರೂ ಹೇಳಲಿಲ್ಲ.

"ಸಾವ್ಕಾರ್ರ, ಗಾಡಿಗೆ ಗ್ಲುಕೋಸ್ ಏರಿಸ್ಯಾರಲ್ಲ?" ಗಾದೆಪ್ಪ ಕೇಳಿದ.

"ಅದು ಸ್ಟೈಲ್ ಅಂತಲೇ. ಲಂಡನ್ನಾಗೂ ಹಿಂಗ ಅಂತ, ಅಮರೇಶ ಹೇಳ್ಯಾನ."

"ಈ ಹುಡುಗಿನೂ ಗಾಡಿ ಜೋಡಿ ಬರ್ತಾಳೇನ್ರಿ?"

"ಒಂದು ಸ್ಟ್ಯಾಂಡ್ ಮಾಡ್ಸೂತನ ಇರ್ಲಿ ಬಿಡು."

ನಾನು ಸ್ಟ್ಯಾಂಡಿನಂತೆಯೇ ಕುಳಿತಿದ್ದೆ.

"ಹೆಂಗಿದ್ರೂ ನಾವೇನು ಓಡಸ್ತೀವಾ?" ಯರ್ರಿಸ್ವಾಮಿ ನಕ್ಕ. "ನಮ್ಮ ಹೊಸ ಕಲ್ಯಾಣ ಮಂಟಪದ ಗೇಟಿನ್ಯಾಗ ಸಿಮೆಂಟ್ ಕಟ್ಟಿ ಹಾಕ್ಸೀನಿ. ಗಾಲಿ ಕಿತ್ತು ಅದರ ಮ್ಯಾಲ ಕುಂದ್ರಸೂದು. ಎಂಜಿನ್ ತಗದು ಗುಜರಿಗೆ! ಆ ಜಾಗದಾಗ ಹೂವಿನ ಕುಂಡ."

"ಸೆಲ್ಫಿ ಪಾಯಿಂಟ್ರೀ!" ಗಾದೆಪ್ಪ ಚಪ್ಪಾಳೆ ತಟ್ಟಿದ.

ಎಂಜಿನ್... ಗುಜರಿಗೆ!

ನಾಲ್ಕು ಪಿಸ್ಟನ್. ಒಂದೊಂದನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದೇನೆ.

ಕನ್ನಡಿಯಲ್ಲಿ ಒಂದು ಸ್ಕೂಟಿ. ಅಮರೇಶ ಕಾಕಾ!

"ನಿಲ್ಲಸ್ರೀ! ಸಾವ್ಕಾರ್ರ, ನಿಲ್ಲಸ್ರೀ!"

ನನ್ನನ್ನು ಕಾಪಾಡಲು ಬಂದನೆಂದು ಒಂದು ಕ್ಷಣ ಎದೆಯುಬ್ಬಿತು.

"ಕೀಲಿ ಕೊಡೂ ರೀಲ್ ಮಾಡಿಲ್ರೀ!"

ಯರ್ರಿಸ್ವಾಮಿಗೆ ಅದು ಕೇಳಿಸಲಿಲ್ಲ. "ಮಾತು ತಿರುಗ್ಸಾಕ ಬಂದಾನ ನನಮಗ! ಗಟ್ಟಿ ಹಿಡ್ಕಳಲೇ ಗಾದೆಪ್ಪಾ!" ಎಂದು ಆಕ್ಸಿಲರೇಟರ್ ತುಳಿದ. ಮೂವತ್ತು... ಮೂವತ್ತೈದು... ಮೂವತ್ತೆಂಟು! ಜೋಳ ಹೇರಿಕೊಂಡ ಟ್ರ್ಯಾಕ್ಟರೊಂದು ಹಾರನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು.

"ಟೆನ್ಷನ್ ಆತು" ಎಂದ ಗಾದೆಪ್ಪ.

ಚರ್! ಕಡ್ಡಿ ಹೊತ್ತಿತು.

ಬಾಯಿ ಬರಲಿಲ್ಲ. ಹೆಬ್ಬೆರಳು ಬಂತು. ಸಲೈನ್ ಪೈಪಿನ ಮೇಲೆ ಹನಿ ನಿಲ್ಲಿಸುವ ಚಿಕ್ಕ ಗಾಲಿಯಿರುತ್ತದೆ. ಉರುಳಿಸಿ ಬಿಗಿದೆ. ಬಾಟಲಿಯನ್ನು ತೋಳು ಸಾಗುವಷ್ಟು ಮುಂದಕ್ಕೆ ಚಾಚಿದೆ. ಎಂಜಿನ್ ಎರಡು ಸಲ ಬಿಕ್ಕಿತು. ಎದುರಿಗೆ ರಸ್ತೆ ತುಂಬ ಕುರಿಹಿಂಡು. ಅದರ ಅಂಚಿಗೆ ಬಂದು ಕಾರು ನಿಂತಿತು.

ಕುರಿ ಕಾಯುವ ಪಕ್ಕೀರಮ್ಮ ಹಿಂದಿನ ಕಿಟಕಿಗೆ ಬಗ್ಗಿದಳು. ಮೂಗು ಅರಳಿಸಿದಳು. ಕೋಲು ಎತ್ತಿದಳು. ಒಂದೇ ಏಟು! ಸಿಗರೇಟು ರಸ್ತೆಗೆ ಬಿತ್ತು.

"ಏ ಹುಚ್ಚಪ್ಪಾ! ಪೆಟ್ರೋಲ್ ನಾರಾಕತ್ತೈತಿ, ಸಿಗರೇಟ್ ಹಚ್ಚೀಯಲ್ಲೋ! ನಿನ್ನ ಮೀಸಿ ಸುಟ್ರ ಸುಡ್ಲಿ, ನನ್ನ ಕುರಿ ಏನ್ ಮಾಡ್ಯಾವು?"

ನಾನು ಹೇಳಬೇಕಿದ್ದ ಮಾತು. ಅವಳಿಗೆ ಎಷ್ಟು ಸಲೀಸು!

ಕಾಕಾ ಬಂದು ತಲುಪಿದ. ಯರ್ರಿಸ್ವಾಮಿ ಇಳಿದವನೇ ಅವನ ಕೊರಳಪಟ್ಟಿ ಹಿಡಿದ.

"ನಿಂತೈತಿ. ಚಾಲೂ ಮಾಡು. ನೀನ ಅಲ್ಲೇನು ಇದನ್ನ ರೆಡಿ ಮಾಡಿದ್ದು?"

"ನಾನ ರೀ. ಒಬ್ಬನ ಕೈಯಿಂದ."

ಕಾಕಾ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ಟನ್ನು ಮುಂದಿನಿಂದ ಎಳೆದ. ಪಕ್ಕದಿಂದ ಎಳೆದ. ತೆಗೆಯುವ ಹಿಡಿ ಕಾರಿನ ಒಳಗಿದೆಯೆಂದು ಪಾಪ, ಅವನಿಗೆ ಗೊತ್ತಿಲ್ಲ! ನನ್ನತ್ತ ಬಗ್ಗಿ ಪಿಸುಗುಟ್ಟಿದ. "ಸುಕ್ಕೀ, ತಗಿಯವ್ವಾ..."

ತೆಗೆದೆ. ಅವನು ಒಳಗೆ ಇಣುಕಿ ಡಾಕ್ಟರಂತೆ ತಲೆಯಾಡಿಸಿದ.

"ಸೆನ್ಸರ್ ಹೋಗೈತ್ರಿ."

"ಗಾಡಿ ಯಾವ ಕಾಲದ್ದಲೇ? ಸೆನ್ಸರ್ ಎಲ್ಲೈತಲೇ ಇದಕ್ಕ?" ಯರ್ರಿಸ್ವಾಮಿ ಕೈ ಬೀಸಿದ. "ಇರ್ಲಿ, ಎಂಜಿನ್ ಯಾರಿಗೆ ಬೇಕು! ಗಾದೆಪ್ಪಾ, ಜೆಸಿಬಿ ಕರಿ. ಎತ್ತಿಕೊಂಡು ಹೋಗಾಣು."

ಗಾದೆಪ್ಪ ಫೋನ್ ಹಚ್ಚಿದ. ಜೆಸಿಬಿ ಹತ್ತಿರದಲ್ಲೇ ಇತ್ತು. ಹತ್ತು ನಿಮಿಷ ಅಂದರು. ಆ ಕಬ್ಬಿಣದ ಹಲ್ಲು ನನ್ನ ಬಾನೆಟ್ಟಿನ ಮೇಲೆ...

"ಎತ್ತ್ರಿ, ಎತ್ತ್ರಿ!" ಕಾಕಾನ ಮುಖ ಅರಳಿತು. "ಅದರದೂ ಒಂದು ರೀಲ್ ಆಗ್ಲಿ. ಸುಕನ್ಯಾ, ಫೋನ್ ಹಿಡಿ!"

ಫೋನ್ ನನ್ನ ಮುಂದೆ ಬಂತು.

ಹಿಡಿಯಲಿಲ್ಲ.

ಇಳಿದು ಬಾನೆಟ್ ಮುಚ್ಚಿದೆ. ಬಾಟಲಿಯನ್ನು ಪಕ್ಕೀರಮ್ಮನ ಕೈಗಿತ್ತು ಮೇಲಕ್ಕೆ ತೋರಿಸಿದೆ. ಅವಳು ಕೋಲು ಕಂಕುಳಿಗೆ ಸಿಕ್ಕಿಸಿ ಎತ್ತಿ ಹಿಡಿದಳು. ಪೈಪಿನ ಗಾಲಿ ಸಡಿಲಿಸಿದೆ. ಸ್ಟೇರಿಂಗ್ ಮುಂದೆ ಕುಳಿತೆ. ಪೆಟ್ರೋಲ್ ಇಳಿಯಲೆಂದು ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದೆ. ಚೋಕ್ ಎಳೆದೆ. ಕೀಲಿ ತಿರುಗಿಸಿದೆ.

ಗುರ್ ಎಂದಿತು. ಕುರಿಗಳು ಚೆದುರಿದವು!

ಯರ್ರಿಸ್ವಾಮಿ ನನ್ನನ್ನು ನೋಡಿದ. ಕಾಕಾನ ಶುಭ್ರ ಬೆರಳು ನೋಡಿದ. ಮತ್ತೆ ನನ್ನನ್ನು.

"ಏ ತಂಗೀ... ಖರೇ ಹೇಳು. ಇದನ್ನ ರೆಡಿ ಮಾಡಿದ್ದು ಯಾರು?"

ಕಾಕಾ ಬಾಯಿ ತೆರೆದ. "ಏ ಅಮರೇಶಾ, ನಿನ್ನ ಕೇಳಿಲ್ಲ" ಎಂದ ಯರ್ರಿಸ್ವಾಮಿ.

ದೂರದ ತಿರುವಿನಲ್ಲಿ ಹಳದಿ ಜೆಸಿಬಿ ಕಾಣಿಸಿತು. ಬರೆದುಕೊಡಲು ಚೀಟಿ ಇರಲಿಲ್ಲ.

"ನಾನ್ರಿ" ಎಂದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಓಡೂ ಹಂಗ ಮಾಡಿದಾಕಿ ನಾನು, ಗಾಡಿ ನಂದು. ಮುಂಗಡ ಕೊಟ್ಟೀರಲ್ಲ... ಆ ಸಿಮೆಂಟ್ ಕಟ್ಟಿ ಮ್ಯಾಲ ಕಾಕಾನ್ನ ಕುಂದ್ರಸ್ರಿ!"