ಆ ದಿನದ ಹೂವು ಮಾತ್ರ

ಗಂಡುಗಿಡಗಳಲ್ಲಿ ಅರಳಿದ ಹೂವು ಒಂದೂ ಉಳಿದಿರಲಿಲ್ಲ.

ಕುಪ್ಪೇಲೂರಿನ ಪ್ರಭುಲಿಂಗಪ್ಪ ಬೆಳ್ಳಂಬೆಳಿಗ್ಗೆ ತನ್ನ ಬಲೆ ಹೊದಿಸಿದ ನೆಟ್‌ಹೌಸಿನ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟ. ಕೆಲಸಕ್ಕೆ ಬಂದ ಹೆಂಗಸರು ಅವನ ಬೆನ್ನ ಹಿಂದೆ ಗುಂಪುಗೂಡಿದರು. ಅವನದು ಟೊಮೆಟೊ ಬೀಜದ ಬೆಳೆ. ಬೆಳಿಗ್ಗೆ ಗಂಡುಗಿಡದ ಹೂವು ಬಿಡಿಸಿ, ಅದರ ಪರಾಗದ ಪುಡಿಯನ್ನು ಹೆಣ್ಣುಗಿಡದ ಹೂವುಗಳಿಗೆ ಒಂದೊಂದಾಗಿ ಮುಟ್ಟಿಸಬೇಕು. ಸಂಜೆ ಹೆಣ್ಣುಗಿಡದಲ್ಲಿ ಮರುದಿನದ ಮೊಗ್ಗುಗಳನ್ನು ಬಿಡಿಸಿ ಅಣಿ ಮಾಡಬೇಕು. ಈ ಕೆಲಸಕ್ಕೆ ಅಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಪುಡಿ ಇಲ್ಲವೆಂದರೆ ಆ ದಿನ ಹಗಲಿನ ಕೆಲಸವೂ ಇಲ್ಲ.

"ಯಾರೂ ಹೊಲ ಬಿಟ್ಟು ಹೋಗಂಗಿಲ್ಲ," ಎಂದು ಗದರಿ, ಪ್ರಭುಲಿಂಗಪ್ಪ ಠಾಣೆಗೆ ಫೋನ್ ಮಾಡಿದ.

ಪಿ.ಎಸ್.ಐ. ಸುಮಯ್ಯಾ ಬಂದಳು. ಹೂವು ಹರಿದದ್ದಕ್ಕೂ ಪೊಲೀಸರೇ ಬೇಕಾಯಿತಲ್ಲ ಎಂದು ಜೀಪು ಓಡಿಸುವ ಡಾಕಪ್ಪ ದಾರಿಯುದ್ದಕ್ಕೂ ಗೊಣಗಿದ್ದ. ಸುಮಯ್ಯಾ ಗೊಣಗುವವಳಲ್ಲ. ಕೈಗೆ ಬಂದ ಕೇಸು ಸಣ್ಣದಿರಲಿ ದೊಡ್ಡದಿರಲಿ, ಬುಡ ಮುಟ್ಟುವ ತನಕ ಬಿಡುವವಳೂ ಅಲ್ಲ.

"ಯಾರ ಮ್ಯಾಲೆ ಸಂಶಯ?"

"ಮತ್ಯಾರ ಮ್ಯಾಲ್ರಿ? ಬಾಜೂ ಹೊಲದ ಸುನೀಲಕುಮಾರ. ನನ್ನ ಆಳುಗಳನ್ನ ತನ್ನ ಕಡೆ ಎಳಕೊಳ್ಳಾಕ ನೋಡಿದ್ದ. ಹೋದ ವಾರ ಇದ ಬದುವಿನ ಮ್ಯಾಲೆ ಜಗಳಾ ಆಗೇತಿ."

ಹೊಳಿಯವ್ವ ಎಂಬ ಕೂಲಿ ಹೆಂಗಸು ಮುಂದೆ ಬಂದಳು.

"ಮೇಡಂ, ನಾ ರಾಣೆಬೆನ್ನೂರಿಗೆ ಹೋಗಬೇಕಾಗಿತ್ರಿ. ಬಸ್ ಬರೂ ಹೊತ್ತಾತು."

"ಏನ್ ಕೆಲಸ?"

ಹೊಳಿಯವ್ವ ಪ್ರಭುಲಿಂಗಪ್ಪನ ಮುಖ ನೋಡಿದಳು. "ಏನಿಲ್ರಿ. ಹಂಗ ಒಂದು ಕೆಲಸಿತ್ತು."

ಬೇರೆಲ್ಲರೂ ಸುಮ್ಮನಿರುವಾಗ ಇವಳೊಬ್ಬಳಿಗೆ ಜಾಗ ಖಾಲಿ ಮಾಡುವ ಅವಸರ. ಸುಮಯ್ಯಾಳಿಗೆ ಅದು ಸರಿ ಕಾಣಲಿಲ್ಲ.

"ನಾ ತಿರುಗಿ ಬರೂತನಕ ಒಬ್ಬರೂ ಕದಲಬಾರದು," ಎಂದಳು. ಹೇಳಿ ಜೀಪು ಹತ್ತಿದಳು.

* * *

ಸುನೀಲಕುಮಾರ ಸಿಕ್ಕಿದ್ದು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮುಂದೆ, ಮೆಣಸಿನಕಾಯಿ ಚೀಲಗಳ ಲೆಕ್ಕ ನೋಡುತ್ತ. ಹಿಂದಿನ ರಾತ್ರಿಯಿಂದ ಅವನು ಅಲ್ಲೇ ಇದ್ದನೆಂದು ಕಾವಲುಗಾರನೂ ಹೇಳಿದ, ಲಾರಿಯವನೂ ಹೇಳಿದ. ಅವರಿಬ್ಬರನ್ನು ಬೇರೆ ಬೇರೆ ಕೂರಿಸಿ ಕೇಳುವುದರಲ್ಲಿ ಬಹಳ ಹೊತ್ತು ಹೋಯಿತು. ಮಾತು ಎಲ್ಲಿಯೂ ತಪ್ಪಲಿಲ್ಲ.

"ಆತನ ಮ್ಯಾಲೆ ಸಿಟ್ಟಿರೂದು ಖರೇ," ಎಂದ ಸುನೀಲಕುಮಾರ. "ಆದ್ರ ನಾ ಹೂ ಯಾಕ ಹರೀಲ್ರಿ? ಗಿಡಾನ ಕಿತ್ತು ಒಗೀತಿದ್ದೆ. ಹೂ ನಾಳೆ ಮತ್ತ ಅರಳ್ತಾವ. ಒಂದು ದಿನದ ಕೆಲಸ ನಿಲ್ಲಿಸಿ ನನಗೇನ್ ಬರೂದೈತಿ?"

ಸುಮಯ್ಯಾ ಬರೆಯುತ್ತಿದ್ದ ಕೈ ನಿಲ್ಲಿಸಿದಳು.

"ನಾ ಆಳು ಎಳಕೊಂಡೆ ಅಂತಾನಲ್ರಿ," ಅವನು ಮುಂದುವರಿಸಿದ, "ಅಂವಾ ಜೋಡಿ ಬಂದ್ರಷ್ಟ ಕೆಲಸಾ ಕೊಡ್ತಾನ. ತಾಯಿ, ಮಗಳು. ಮೊಗ್ಗು ಬಿಡಸಾಕ ಸಣ್ಣ ಬೆರಳ ಬೇಕಂತ."

"ನಾ ಬರೇ ತಾಯಂದಿರನ್ನ ನೋಡಿದೆ."

"ಪೊಲೀಸ್ರು ಬರ್ತಾರಂದ್ರ ಮಕ್ಕಳು ಹೆಂಗ ಕಾಣ್ತಾರ್ರಿ?" ಅವನು ನಕ್ಕ.

* * *

ತಿರುಗಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿ ಇಳಿಯತೊಡಗಿತ್ತು. ಸುಮಯ್ಯಾ ನೇರ ಗಂಡುಗಿಡಗಳ ಹತ್ತಿರ ಹೋಗಿ ಬಾಗಿ ನೋಡಿದಳು. ಹೋದದ್ದು ಆ ದಿನದ ಹೂವು ಮಾತ್ರ. ನಾಳೆ ಅರಳುವ ಮೊಗ್ಗು, ನಾಡಿದ್ದಿನ ಮೊಗ್ಗು, ಎಲ್ಲವೂ ಹಾಗೇ ಇದ್ದವು. ಒಂದು ಟೊಂಗೆಯೂ ಮುರಿದಿರಲಿಲ್ಲ.

"ಹುಡಿಗ್ಯಾರು ಎಲ್ಲದಾರ?"

"ಯಾವ ಹುಡಿಗ್ಯಾರ್ರಿ?" ಎಂದ ಪ್ರಭುಲಿಂಗಪ್ಪ.

ಅವನು ಬಾಯಿ ಮುಚ್ಚುವ ಮೊದಲೇ ಮೋಟರ್ ಶೆಡ್ಡಿನೊಳಗಿಂದ ಯಾರೋ ಕೆಮ್ಮಿದರು. ಬಾಗಿಲಿಗೆ ಹೊರಗಿನಿಂದ ಬೀಗ. ಸುಮಯ್ಯಾ ಕೈ ಚಾಚಿದಳು. ಅವನು ಕೀಲಿಕೈ ಕೊಟ್ಟ.

ಒಳಗೆ ಐದು ಹುಡುಗಿಯರು ಔಷಧದ ಡಬ್ಬಿಗಳ ನಡುವೆ ಕುಳಿತಿದ್ದರು. ಪೊಲೀಸರು ಬರುವ ಮೊದಲೇ ಅವರನ್ನು ಅಲ್ಲಿ ಕೂಡಿ ಹಾಕಲಾಗಿತ್ತು. ನಾಲ್ವರ ತಲೆ ಕೆದರಿತ್ತು, ಮೈಮೇಲೆ ದೊಡ್ಡವರ ಹಳೆಯ ಅಂಗಿ. ಐದನೆಯವಳೂ ಅಂಥದೇ ಅಂಗಿ ತೊಟ್ಟಿದ್ದಳು. ಆದರೆ ಅವಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಹೊಸ ರಿಬ್ಬನ್ ಕಟ್ಟಲಾಗಿತ್ತು. ಅಂಗಿಯ ಕೆಳಗೆ ಶಾಲೆಯ ಯೂನಿಫಾರ್ಮಿನ ಅಂಚು ಕಾಣುತ್ತಿತ್ತು.

"ಹೆಸರೇನವ್ವಾ?"

"ಅಂಜಲಿ ರೀ. ಸಾಲ್ಯಾಗ ಐದನೇತ್ತಾ."

"ಇವತ್ತು ರವಿವಾರ. ಸಾಲಿ ಅರಿವಿ ಯಾಕ ಹಾಕ್ಕೊಂಡಿ?"

ಹುಡುಗಿ ಹೊಳಿಯವ್ವನ ಕಡೆ ನೋಡಿದಳು. ಸುಮಯ್ಯಾಳೂ ಅತ್ತಲೇ ತಿರುಗಿದಳು.

"ವೈರಿ ಇದ್ದಿದ್ರ ಗಿಡಾ ಕೀಳ್ತಿದ್ದ," ಎಂದಳು. "ಇದನ್ನ ಮಾಡಿದವರಿಗೆ ಬೆಳಿ ಹಾಳಾಗೂದು ಬ್ಯಾಡಾಗಿತ್ತು. ಒಂದು ದಿನ ಕೆಲಸ ನಿಂತ್ರ ಸಾಕಾಗಿತ್ತು. ಇವತ್ತು ಕೆಲಸ ಇರಂಗಿಲ್ಲಂತ ನಸುಕಿನಾಗ ಒಬ್ಬರಿಗಷ್ಟ ಗೊತ್ತಿತ್ತು. ಬಾಕಿ ತಾಯಂದಿರು ಮಕ್ಕಳನ್ನ ಕೂಲಿಗೆ ಕರಕೊಂಡು ಬಂದ್ರು. ನೀ ಒಬ್ಬಾಕಿ ಮಗಳಿಗೆ ಜಡಿ ಹೆಣದು ಕರಕೊಂಡು ಬಂದಿ."

ಹೊಳಿಯವ್ವ ಮಗಳ ಹತ್ತಿರ ಬಂದು ನಿಂತಳು.

"ಹೌದ್ರಿ, ನಾನ ಹರದೇನಿ. ವಸತಿ ಶಾಲಿ ಪರೀಕ್ಷಾ ಇತ್ರಿ ಇವತ್ತು, ರಾಣೆಬೆನ್ನೂರಾಗ. ಪಾಸಾದ್ರ ಹತ್ತನೇತ್ತಾ ತನಕ ಊಟಾ, ವಸ್ತಿ ಎಲ್ಲಾ ಅಲ್ಲೇ. ಈ ಹೊಲದ ಕಡೆ ಆಕಿ ಹೊಳ್ಳಿ ನೋಡೂಹಂಗಿದ್ದಿಲ್ಲ. ಸಾವ್ಕಾರ್ರನ್ನ ಕೇಳಿದೆ. ಹೂವಿಗೆ ರವಿವಾರ ಗೊತ್ತಾಗಂಗಿಲ್ಲ ಅಂದ್ರು. ಒಬ್ಬಾಕಿ ತಪ್ಪಿಸಿದ್ರ ಇಬ್ಬರೂ ಬ್ಯಾಡ ಅಂದ್ರು. ಹೂ ಇಲ್ಲಂದ್ರ ಎಲ್ಲಾರನ್ನೂ ಮನಿಗೆ ಕಳಸ್ತಾರಂತ ತಿಳಕೊಂಡಿದ್ದೆ. ನಿಮ್ಮನ್ನ ಕರಸ್ತಾರಂತ ಗೊತ್ತಿದ್ದಿಲ್ಲ."

"ಎಷ್ಟಕ್ಕ ಪರೀಕ್ಷಾ?"

"ಹನ್ನೊಂದಕ್ಕಿತ್ರಿ."

ಹನ್ನೊಂದಕ್ಕೆ ಸುಮಯ್ಯಾ ಬ್ಯಾಡಗಿಯಲ್ಲಿ ಲಾರಿಯವನನ್ನು ವಿಚಾರಿಸುತ್ತಿದ್ದಳು.

"ಮುಂಜಾನೆ ನನಗ ಹೇಳಬೇಕಿಲ್ಲೇನು?"

"ಹೆಂಗ ಹೇಳ್ಲಿ ರೀ? ಮಗಳು ಒಳಗಿದ್ಲು. ಕೀಲಿ ಅವರ ಕಿಸೇದಾಗಿತ್ತು. ನೀವು ಕಳ್ಳರನ್ನ ಹಿಡ್ಯಾಕ ಬಂದಿದ್ರಿ."

ಸುಮಯ್ಯಾ ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿದಳು. ಪರೀಕ್ಷೆ ಮುಗಿದಿದೆ, ಮತ್ತೊಮ್ಮೆ ನಡೆಸುವ ಪದ್ಧತಿ ಇಲ್ಲ ಎಂದರು. ಮುಂದಿನ ವರ್ಷ ಬರೆಯಬಹುದೇ ಎಂದು ಕೇಳಿದಳು. ಇದು ಐದನೆಯ ತರಗತಿಯವರಿಗೆ ಮಾತ್ರ ಎಂದರು. ಆ ದನಿಯಲ್ಲಿ ಒರಟುತನವಿರಲಿಲ್ಲ, ಬೈಯೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಇಷ್ಟು ಚೊಕ್ಕವಾಗಿ ಬಿಡಿಸಿದ ಕೇಸು ಅವಳ ಕೈಯಲ್ಲಿ ಇನ್ನೊಂದಿರಲಿಲ್ಲ. ಅವಳು ಫೋನು ಕಿಸೆಗಿಟ್ಟು ತಿರುಗಿದಳು.

"ನಿಮ್ಮ ಮ್ಯಾಲೆ ಕೇಸ್ ಹಾಕ್ತೀನಿ," ಎಂದಳು ಪ್ರಭುಲಿಂಗಪ್ಪನಿಗೆ. "ಮಕ್ಕಳನ್ನ ದುಡಿಸಿದ್ದಕ್ಕ, ಕೂಡಿ ಹಾಕಿದ್ದಕ್ಕ."

"ಹಾಕ್ರಿ. ಹೂ ಹರದಾಕಿನ್ನೂ ಬಿಡಬ್ಯಾಡ್ರಿ. ಫಿರ್ಯಾದಿ ನಂದೈತಿ."

ಕಾನೂನಿನಲ್ಲಿ ಎರಡಕ್ಕೂ ಜಾಗವಿತ್ತು. ಅವಳು ಎರಡನ್ನೂ ಬರೆದಳು.

* * *

ಠಾಣೆಯ ದಾರಿಯಲ್ಲಿ, ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಜನಸಂದಣಿಗೆ ಜೀಪು ನಿಂತಿತು. ರಸ್ತೆ ತುಂಬ ಪರೀಕ್ಷೆ ಬರೆದು ಬಂದ ಮಕ್ಕಳು, ಅವರ ಕೈಗೆ ಬಾಳೆಹಣ್ಣು ಕೊಡುವ ಅಪ್ಪಂದಿರು. ಹಿಂದೆ, ಶೆಡ್ಡಿನಿಂದ ಬಿಡಿಸಿ ಕರೆತಂದ ಹುಡುಗಿಯರ ನಡುವೆ ಹೊಳಿಯವ್ವ ತಲೆ ಬಗ್ಗಿಸಿ ಕುಳಿತಿದ್ದಳು. ಅಂಜಲಿ ಕಿಟಕಿಯಿಂದ ಕೈ ಚಾಚಿ ಒಬ್ಬ ಹುಡುಗಿಯನ್ನು ಏನೋ ಕೇಳಿದಳು. ಆ ಹುಡುಗಿ ಮಡಿಸಿದ ಪ್ರಶ್ನೆಪತ್ರಿಕೆಯನ್ನು ಕೊಟ್ಟಳು. ಪರೀಕ್ಷೆ ಬರೆದು ಮುಗಿಸಿದವಳಿಗೆ ಅದು ಬೇಕಿರಲಿಲ್ಲ.

ಜೀಪು ಹೊರಟಿತು. ಅಂಜಲಿ ಕಾಗದವನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಪ್ರಶ್ನೆಗಳ ಮೇಲೆ ಬೆರಳಿಟ್ಟು ಓದತೊಡಗಿದಳು. ಮೊಗ್ಗು ಬಿಡಿಸಿ ಹಸಿರು ಕಲೆಯಾದ ಸಣ್ಣ ಬೆರಳು.

"ಅವ್ವಾ, ಇದು ಬರ್ತಿತ್ತು ನನಗ," ಎಂದಳು. ಇನ್ನೊಂದು ಪ್ರಶ್ನೆಗೆ ಇಳಿದಳು. "ಇದೂ ಬರ್ತಿತ್ತು."

ಸುಮಯ್ಯಾ ಮುಂದಿನ ಸೀಟಿನಲ್ಲಿ ರಸ್ತೆ ನೋಡುತ್ತ ಕುಳಿತಳು. ಠಾಣೆ ಬರುವ ತನಕ ಹಿಂದಿನಿಂದ ಆ ಮಾತು ಕೇಳುತ್ತಲೇ ಇತ್ತು.