ಓದದೆ ಕೊಟ್ಟ ಒಪ್ಪಿಗೆ

ತನ್ನ ಅಪ್ಪ ತೀರಿಕೊಂಡ ಮೇಲೆ ಅವನು ವರ್ಕ್‌ಶಾಪಿಗೆ ಬಂದದ್ದು ಅವತ್ತೇ ಮೊದಲು. ಬಾಗಿಲಲ್ಲಿ ಅವನ ತಲೆ ಕಂಡದ್ದೇ ತಡ, ಮಷೀನುಗಳನ್ನು ಬಾಕ್ಸಿಗೆ ತುಂಬುತ್ತಿದ್ದ ತಂಗಿ ಅಕ್ಕನ ಪಕ್ಕೆ ತಿವಿದಳು.

“ಭಾವ ಆಗೋರು ಬಂದ್ರು ಕಣೇ. ಹೋಗು, ಮುಖ ತೊಳ್ಕೊಂಡು ಬಾ. ಒಳ್ಳೆ ದೆವ್ವದ ಥರ ಇದ್ದೀಯ.”

“ಬಾಯ್ಮುಚ್ಚೇ,” ಅಂದಳು ಅಕ್ಕ. ಅವನ ಮುಖ ನೋಡುವ ಧೈರ್ಯವೇ ಇಲ್ಲದವಳಿಗೆ ತನ್ನ ಮುಖದ ಚಿಂತೆ ಎಲ್ಲಿಂದ ಬರಬೇಕು.

ಸೈಕಲ್ ಅಂಗಡಿಯ ಮೇಲಿನ ಬಾಡಿಗೆ ರೂಮು ಅದು. ತಯಾರಿಸಿದ ಕಂಪನಿ ಮುಚ್ಚಿಹೋಗಿ, ಕೇಳುವವರಿಲ್ಲದೆ ಬಿದ್ದಿದ್ದ ಉಸಿರಾಟದ ಮಷೀನುಗಳಿಗೆ ಅಲ್ಲಿ ಮತ್ತೆ ಜೀವ ಕೊಡುತ್ತಿದ್ದರು. ಅವಕ್ಕೆ ಫರ್ಮ್‌ವೇರ್, ಅಂದರೆ ಮಷೀನನ್ನು ಒಳಗಿಂದ ನಡೆಸುವ ಕೋಡು, ಬರೆಯುವವರು ಸಂಬಳವಿಲ್ಲದ ಹತ್ತಾರು ಜನ, ಬರೆದದ್ದನ್ನೆಲ್ಲ ಊರಿಗೇ ತೆರೆದಿಟ್ಟವರು. ಸ್ವಿಚ್ ಹಾಕಿದರೆ ಮೊದಲು ಏಳುವುದು ಆ ಫರ್ಮ್‌ವೇರೇ. ಮೇಷ್ಟ್ರು ಹಾಜರಿ ಕರೆದ ಹಾಗೆ ಅದು ಸೆನ್ಸರ್, ಬ್ಯಾಟರಿ, ಫ್ಯಾನು, ಅಲಾರಂ ಅಂತ ಒಂದೊಂದನ್ನೇ ಕೂಗಿ ಎಬ್ಬಿಸಬೇಕು. ಆಮೇಲೇ ಗಾಳಿ, ಆಮೇಲೇ ಉಸಿರು. ಅದಕ್ಕೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗಕೂಡದು ಅನ್ನುವುದು ಅಲ್ಲಿಯ ಕಟ್ಟುನಿಟ್ಟು.

ಅವನು ಬರೆಯುವವನು, ಅವಳು ಓದುವವಳು. ಅಂತಿಂಥ ಓದಲ್ಲ ಮತ್ತೆ! ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತು, ಅವನು ಕಳಿಸಿದ್ದನ್ನೆಲ್ಲ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದಳು. ‘ತಕರಾರಮ್ಮ’ ಅಂತ ಹೆಸರಿಟ್ಟಿದ್ದ. ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಜಗಳ ಶುರುವಾಗಿತ್ತು.

ಇದೇ ರೂಮಿನಲ್ಲಿ ಮೊದಲ ಸಲ ಎದುರಾದಾಗ ಅವಳನ್ನು ಮೇಲಿಂದ ಕೆಳಗೆ ನೋಡಿ, “ಅಯ್ಯೋ, ತಕರಾರಮ್ಮ ಅಂದ್ರೆ ಇಷ್ಟೇನಾ? ನಾನು ಆರಡಿ ಆಳು ಅಂದ್ಕೊಂಡಿದ್ದೆ,” ಅಂದಿದ್ದ.

“ತಪ್ಪು ಹುಡುಕೋಕೆ ಎತ್ತರ ಬೇಕಾಗಿಲ್ಲ,” ಅಂದಿದ್ದಳು ಅವಳು, ಅವನ ಅಂಗಿಯ ಕಡೆ ಕಣ್ಣು ಹಾಯಿಸಿ. ಮೇಲಿನ ಗುಂಡಿ ಕೆಳಗಿನ ಕಾಜದಲ್ಲಿತ್ತು. ಅವನು ಕಿವಿಯವರೆಗೂ ಕೆಂಪಾಗಿ, ಗೋಡೆ ಕಡೆ ತಿರುಗಿ ಗುಂಡಿ ಸರಿಮಾಡಿಕೊಂಡ. ಅವಳ ಮನಸ್ಸು ಜಾರಿದ್ದು ಆಗಲೇ.

ಈಗ ಅವನು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತ. ಅರ್ಧ ಆಳಾಗಿದ್ದ. ತಂಗಿ ಟೇಪ್ ತರುವ ನೆಪ ಹೇಳಿ ಮೆಟ್ಟಿಲು ಇಳಿದಳು.

“ಸೆನ್ಸರ್ ಹತ್ರ ಸರಿಮಾಡಿದೀನಿ,” ಅಂದ. “ಇನ್ಮೇಲೆ ಅದು ಉತ್ತರ ಕೊಡ್ಲಿಲ್ಲ ಅಂದ್ರೆ ಸ್ವಲ್ಪ ಕಾದು ಮುಂದಕ್ಕೆ ಹೋಗತ್ತೆ. ಸಂಜೆ ವ್ಯಾನಲ್ಲಿ ಈ ಬಾಕ್ಸೆಲ್ಲ ಕಳಿಸಿಬಿಡೋಣ.”

ಅವನ ಅಪ್ಪನ ಮಂಚದ ಪಕ್ಕ ಇದ್ದದ್ದೂ ಇಲ್ಲಿಂದ ಹೋದ ಮಷೀನೇ. ಅವತ್ತು ಕರೆಂಟ್ ಹೋಗಿ ಬಂತು. ಹಳೇ ಬ್ಯಾಟರಿ ಕೈಕೊಟ್ಟಿದ್ದರಿಂದ ಮಷೀನು ಹೊಸದಾಗಿ ಏಳಬೇಕಾಯಿತು. ಸೆನ್ಸರಿನ ವೈರು ಸಡಿಲವಾಗಿತ್ತು. ಹುಡುಗ ಬಂದಿಲ್ಲದಿದ್ದರೆ ಮೇಷ್ಟ್ರು ಮುಂದಿನ ಹೆಸರಿಗೆ ಹೋಗುತ್ತಾರೆ. ಅವನ ಕೋಡು ಹೋಗಲಿಲ್ಲ, ಅದೇ ಹೆಸರು ಕೂಗುತ್ತ ನಿಂತಿತು. ಫ್ಯಾನು ತಿರುಗಲಿಲ್ಲ. ಅಲಾರಂ ತಾನೇ ಇನ್ನೂ ಎದ್ದಿರಲಿಲ್ಲ, ಹೊಡೆದುಕೊಳ್ಳುವುದೆಲ್ಲಿಂದ? ಪಕ್ಕದ ಕೋಣೆಯಲ್ಲಿದ್ದ ಮಗ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಒಂದು ಮಾತು ಹೇಳ್ಲಾ?” ಅವನು ಅವಳ ಕೈ ಹಿಡಿದ. “ನಾನು ಇನ್ನೂ ಹುಚ್ಚ ಆಗದೆ ಇರೋದು ನಿನ್ನಿಂದ ಕಣೇ. ಅಪ್ಪನ್ನ ನಾನೇ ಕೊಂದೆ ಅನ್ನಿಸಿದಾಗೆಲ್ಲ, ತಕರಾರಮ್ಮನ ಕಣ್ಣಿಗೇ ಬೀಳದ ತಪ್ಪು ಇನ್ಯಾರ ಕಣ್ಣಿಗೆ ಬೀಳ್ತಿತ್ತು ಅಂದ್ಕೋತೀನಿ. ಆಮೇಲೆ ನಿದ್ದೆ ಬರತ್ತೆ. ಅಮ್ಮನೂ ಹೇಳ್ತಿದಾರೆ, ಕಾಯೋದು ಬೇಡ, ಬೇಗ ಮದುವೆ ಮಾಡ್ಕೊಳ್ಳಿ ಅಂತ.”

ಈ ಮಾತು ಕೇಳಬೇಕು ಅಂತ ಎಷ್ಟು ಆಸೆಪಟ್ಟಿದ್ದಳು, ಪಾಪಿ!

ಆ ಕೋಡು ಬರುವ ಹಿಂದಿನ ದಿನ ಇಬ್ಬರಿಗೂ ಜಟಾಪಟಿಯಾಗಿತ್ತು. “ನಿಂಗೆ ಪ್ರೀತಿಗಿಂತ ತಕರಾರೇ ಜಾಸ್ತಿ,” ಅಂತ ಅವನು ಫೋನ್ ಕುಕ್ಕಿದ್ದ. ಮಾರನೇ ದಿನ ಅವನ ಕೋಡು ಬಂದಾಗ, ಹೋಗ್ಲಿ ಪಾಪ, ಇದೊಂದು ಸಲ ಅಂತ ಒಪ್ಪಿಗೆ ಒತ್ತಿಬಿಟ್ಟಿದ್ದಳು. ಅವನು ಖುಷಿಯಿಂದ ಫೋನ್ ಮಾಡಿದ್ದ. ಅವತ್ತಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ.

ಈಗ ತುಟಿ ಬಿಚ್ಚದಿದ್ದರೆ ಎಲ್ಲ ಸಿಗುತ್ತಿತ್ತು. ಅವನು, ಮನೆ, ಸಂಸಾರ. ಅವನ ನಿದ್ದೆಯೂ ಉಳಿಯುತ್ತಿತ್ತು.

“ಬ್ಯಾಟರಿ ಭಾಗ ನೋಡಿದ್ಯಾ?” ಅಂತ ಕೇಳಿದಳು. “ಉಳಿದಿದ್ದು?”

“ಅದನ್ನ ಯಾಕೆ ನೋಡ್ಲಿ? ನೀನು ನೋಡಿದೀಯಲ್ಲ.”

ಅವಳು ಗೋಡೆ ಪಕ್ಕ ಪೇರಿಸಿಟ್ಟ ಬಾಕ್ಸುಗಳ ಕಡೆ ನೋಡಿದಳು. ಒಂದೊಂದೂ ಯಾರದೋ ಹಾಸಿಗೆ ಪಕ್ಕಕ್ಕೆ ಹೋಗುವಂಥದ್ದು.

“ನಾನು ಓದಿರ್ಲಿಲ್ಲ.”

“ಏನು?”

“ಒಂದು ಸಾಲೂ ಓದಿರ್ಲಿಲ್ಲ ಕಣೋ. ನೀನು ಮುನಿಸ್ಕೊಂಡಿದ್ದೆ. ಸಮಾಧಾನ ಆಗ್ಲಿ ಅಂತ ಹಾಗೇ ಒಪ್ಪಿಬಿಟ್ಟೆ.”

ಅವನು ಕೈ ಕಿತ್ತುಕೊಳ್ಳಲಿಲ್ಲ. ಮೆಲ್ಲಗೆ ಬಿಡಿಸಿಕೊಂಡು ತನ್ನ ತೊಡೆ ಮೇಲಿಟ್ಟುಕೊಂಡ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಲ್ಯಾಪ್‌ಟಾಪ್ ತೆಗಿ,” ಅಂದ ಕೊನೆಗೆ. “ಓದು. ಜೋರಾಗಿ ಓದು.”

ಓದಿದಳು. ಬ್ಯಾಟರಿ ಭಾಗದ ಹತ್ತಿರ ಬಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲೂ ಹಾಗೇ ಇದೆ. ಉತ್ತರ ಬರೋ ತನಕ ಕಾಯಿ ಅಂತಿದೆ. ಎಷ್ಟು ಹೊತ್ತು ಅಂತ ಇಲ್ಲ.”

ಅವನು ಕಣ್ಣು ಮುಚ್ಚಿಕೊಂಡ. “ಅವತ್ತು ಓದಿದ್ರೆ ಸೆನ್ಸರ್‌ದೂ ಸಿಕ್ತಿತ್ತಾ?”

ಸುಳ್ಳು ಹೇಳುವುದಕ್ಕೆ ಅದು ಕೊನೆಯ ಅವಕಾಶ.

“ಸಿಕ್ತಿತ್ತು,” ಅಂದಳು. “ಮೊದಲನೇ ಸಲಕ್ಕೇ.”

ಅವನು ಅತ್ತ. ಬಿಕ್ಕಿ ಬಿಕ್ಕಿ, ಮೂಗು ಒರೆಸಿಕೊಳ್ಳದೆ ಅತ್ತ. ಅವಳಿಗೆ ಮುಟ್ಟುವ ಧೈರ್ಯವಾಗಲಿಲ್ಲ. ಆಮೇಲೆ ಅವನೇ ಎದ್ದು ಆ ಸಾಲುಗಳನ್ನು ತಿದ್ದಿದ. ಅವಳು ಎರಡೆರಡು ಸಲ ಓದಿದಳು. ತಂಗಿ ವಾಪಸ್ ಬಂದವಳು ಇಬ್ಬರ ಮುಖ ನೋಡಿ ಬಾಕ್ಸುಗಳನ್ನು ಬಿಚ್ಚಿಕೊಟ್ಟಳು. ಎಲ್ಲ ಮಷೀನಿಗೂ ಹೊಸದನ್ನು ಹಾಕಿ, ಬ್ಯಾಟರಿ ಕಿತ್ತು, ವೈರು ಕಿತ್ತು, ಆಗಲೂ ಫ್ಯಾನು ತಿರುಗುವುದನ್ನು ಕಣ್ಣಾರೆ ನೋಡಿ, ಮತ್ತೆ ಜೋಡಿಸಿ ವ್ಯಾನಿಗೆ ಹತ್ತಿಸಿದರು.

ಮೆಟ್ಟಿಲ ಹತ್ತಿರ ಅವನು ಚಪ್ಪಲಿ ಹಾಕಿಕೊಂಡ.

“ಕೋಪ ಇಲ್ಲ. ಬರೆದೋನು ನಾನೇ ತಾನೇ?” ಅಂದ. “ಹಾಳಾದ್ದು, ಪ್ರೀತಿನೂ ಹೋಗಿಲ್ಲ. ಹೋಗಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ನಿನ್ನ ಪಕ್ಕ ಮಲಗಿದ್ರೆ ದಿನಾ ನಂಗೆ ಅಪ್ಪನೇ ನೆನಪಾಗ್ತಾರೆ. ಅದು ನನ್ನ ಕೈಲಾಗಲ್ಲ ಕಣೇ.”

“ಅಮ್ಮಂಗೆ ಏನು ಹೇಳ್ತೀಯ?”

“ನಿಜಾನೇ. ನಾವಿಬ್ಬರೂ ಸೇರಿ ಮಾಡಿದ್ದು ಅಂತ.”

“ನಾನೂ ಬರ್ತೀನಿ,” ಅಂದಳು. “ಅವರ ಎದುರಿಗೆ ನೀನೊಬ್ಬನೇ ನಿಲ್ಲಬೇಡ.”

ಅವನು ಅವಳ ಚಪ್ಪಲಿಗೆ ದಾರಿ ಬಿಟ್ಟು ಒಂದು ಮೆಟ್ಟಿಲು ಇಳಿದ.

“ಬಾ,” ಅಂದ. “ಇವತ್ತೊಂದು ದಿನ.”

ಅವಳು ಚಪ್ಪಲಿ ಮೆಟ್ಟಿಕೊಂಡು, ಅವನ ಹಿಂದೆ ಮೆಟ್ಟಿಲು ಇಳಿದಳು.