ಕೋಟೆ ರಸ್ತೆಯ ಇಳಿಜಾರು

“ಮೊದಲು ದ್ರಾಕ್ಷಿ ಬುಟ್ಟಿ ಎತ್ತಿ. ನನ್ನನ್ನು ಆಮೇಲೆ ಎತ್ತುವಿರಂತೆ!”

ರಸ್ತೆ ಪಕ್ಕದ ಚರಂಡಿಯಲ್ಲಿ ಅಂಗಾತ ಬಿದ್ದುಕೊಂಡೇ ಫ್ರಾವ್ ಲೆನ್‌ಹಾರ್ಟ್ ಜರ್ಮನ್‌ನಲ್ಲಿ ಗದರಿದರು. ಎಪ್ಪತ್ತು ದಾಟಿದ ಜೀವ. ಕೈಗಾಡಿ ಮಗುಚಿತ್ತು. ಕಪ್ಪು ದ್ರಾಕ್ಷಿ ರಸ್ತೆ ತುಂಬ ಉರುಳಾಡುತ್ತಿತ್ತು.

ನಾಜ್ನೀನ್ ಬುಟ್ಟಿ ಮುಟ್ಟಲಿಲ್ಲ. ಕೈಯಲ್ಲಿದ್ದ ಬ್ರೆಡ್ಡಿನ ಚೀಲವನ್ನು ಹನುಮಂತರಾಯರ ಕೈಗೆ ತುರುಕಿ ಚರಂಡಿಗೆ ಇಳಿದಳು. ಅಜ್ಜಿಯ ಬಲ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತ್ತು.

“ಯಾರು ಹಾಯ್ದಿದ್ದು ಫ್ರಾವ್ ಲೆನ್‌ಹಾರ್ಟ್?”

“ನಿಮ್ಮವನೇ. ಈ ಅಂಗಿ.” ಅಜ್ಜಿ ಎಡಗೈಯಿಂದ ನಾಜ್ನೀನಳ ಹಳದಿ-ಕೆಂಪು ಜೆರ್ಸಿಯನ್ನು ಹಿಡಿದು ಜಗ್ಗಿದರು. “ಕೋಟೆ ಕಡೆಯಿಂದ ಬಂದ. ನಾನು ಅಡ್ಡ ಬಂದದ್ದು ನಿಜ, ಸುಳ್ಳು ಹೇಳುವುದಿಲ್ಲ. ಹ್ಯಾಂಡಲ್ ಮೇಲಿಂದ ಹಕ್ಕಿಯಂತೆ ಹಾರಿ ನನ್ನ ಮೇಲೆ ಬಿದ್ದ. ಎದ್ದ. ನೋಡಿದ. ದ್ರಾಕ್ಷಿ ಸಾಲಿನೊಳಗೆ ನುಗ್ಗಿ ಹೋದ.”

“ಮುಖ?”

“ಹೆಲ್ಮೆಟ್ಟು, ಕಪ್ಪು ಕನ್ನಡಕ. ಮೇಲಾಗಿ ಸೂರ್ಯ ನನ್ನ ಕಣ್ಣಿಗೇ ಹೊಡೆಯುತ್ತಿದ್ದ.”

ಅಷ್ಟರಲ್ಲಿ ರಾಯರ ಬಾಯಿಂದ ವಿಚಿತ್ರವಾದೊಂದು ಸದ್ದು ಹೊರಟಿತು. ಬಳ್ಳಿಗಳ ನಡುವೆ ಒಂದು ಸೈಕಲ್ ತಲೆಕೆಳಗಾಗಿ ಬಿದ್ದಿತ್ತು. ಮುಂದಿನ ರಿಮ್ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು.

“ಅಯ್ಯೋ ಶಿವನೇ, ನಾಜ್ನೀನಮ್ಮಾ,” ಎಂದರು ರಾಯರು. “ಅದು ನನ್ನ ಸೈಕಲ್ಲು!”

*

ಐದು ಜನರ ಬಳಗ ಅದು. ಊರು ಬೇರೆ ಬೇರೆ, ಜೆರ್ಸಿ ಒಂದೇ. ವರ್ಷಕ್ಕೊಮ್ಮೆ ಕೊಯ್ಲಿನ ಕಾಲದಲ್ಲಿ ಪ್ಫಾಲ್ಜ್ ಸೀಮೆಯ ದ್ರಾಕ್ಷಿ ರಸ್ತೆಯಲ್ಲಿ ಸೈಕಲ್ ತುಳಿಯುವುದು ಅವರ ಪದ್ಧತಿ. ಇಳಿದುಕೊಳ್ಳುವುದು ಫ್ರಾವ್ ಲೆನ್‌ಹಾರ್ಟರ ತೋಟದ ಮನೆಯಲ್ಲಿ. ಜರ್ಮನಿಯಲ್ಲಿದ್ದರೂ ಇಟಲಿಯ ಬಿಸಿಲು ಬೀಳುವ ಜಾಗ. ಗೋಡೆಗೋಡೆಗೂ ಅಂಜೂರದ ಗಿಡ, ಊರೂರಿಗೂ ಹಳೆಯ ಕಲ್ಲಿನ ಹೆಬ್ಬಾಗಿಲು, ಗುಡ್ಡದ ಮೇಲೊಂದು ಪಾಳು ಕೋಟೆ.

ಬಳಗ ಕಟ್ಟಿದವಳು ನಾಜ್ನೀನ್. ಹುಬ್ಬಳ್ಳಿಯವಳು, ಎರ್ಲಾಂಗೆನ್‌ನಲ್ಲಿ ಎಂಜಿನಿಯರ್. ಎಲ್ಲರ ಸೈಕಲ್ಲಿಗೂ ಅವಳದೇ ಸ್ಪ್ಯಾನರು. ಹನುಮಂತರಾಯರು ಮೈಸೂರಿನವರು. ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಬರೆಯುತ್ತಲೇ ಕೂದಲು ಬೆಳ್ಳಗಾಗಿತ್ತು. ಮಗ ಸುಹಾಸ್ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ಜರ್ಮನ್‌ನಲ್ಲಿ. ಬೆಂಗಳೂರಿನ ಚಂದನ್ ರಾಯರ ಆಫೀಸಿನವನು, ಮನೆ ಹೈಡೆಲ್‌ಬರ್ಗ್. ಐದನೆಯವನು ಇಬ್ರಾರ್. ಗದಗಿನ ಹುಡುಗ. ಕಲೋನ್‌ನಲ್ಲಿ ಓದಲು ಈ ಬೇಸಿಗೆಯಲ್ಲಷ್ಟೇ ಬಂದವನು.

ಹಿಂದಿನ ದಿನ ಕೋಟೆಯ ಏರಿನಲ್ಲಿ ರಾಯರು ಚಂದನನನ್ನು ಹಿಂದೆ ಹಾಕಿದ್ದರು. ಅವನು ಅರ್ಧದಲ್ಲಿ ಸುಹಾಸನ ಸೈಕಲ್ ಕಿತ್ತುಕೊಂಡು, ಧಡಕ್ಕನೆ ಹತ್ತಿ ತುಳಿದರೂ ಸೋತ.

“ಗೆದ್ದಿದ್ದು ರಾಯರಲ್ಲ ಗುರು, ರಾಯರ ಇಟಲಿ ಸೈಕಲ್ಲು,” ಎಂದಿದ್ದ ಸಂಜೆ ಈರುಳ್ಳಿ ಕೇಕಿನ ಮುಂದೆ ಕೂತು. “ನಾನು ಸೈಕಲ್ ಕಲಿತಿದ್ದೇ ಮೂವತ್ತಾದ್ಮೇಲೆ, ಹೈಡೆಲ್‌ಬರ್ಗ್ ಪಾರ್ಕಿಂಗ್ ಲಾಟಲ್ಲಿ. ಬೆಂಗಳೂರಲ್ಲಿ ಅಮ್ಮ ಮುಟ್ಟೋಕೂ ಬಿಟ್ಟಿರ್ಲಿಲ್ಲ. ಅಂಥವನೇ ನಿಮ್ಮ ಬೆನ್ನಿಗಂಟ್ಕೊಂಡಿದ್ನಲ್ಲ, ಆ ಸೈಕಲ್ ನಂಗೆ ಕೊಟ್ಟು ನೋಡಿ!”

“ಕೊಡಲ್ಲಪ್ಪ,” ಎಂದಿದ್ದರು ರಾಯರು. “ಹೆಂಡ್ತಿಗೇ ಕೊಟ್ಟಿಲ್ಲ.”

ಅದೇ ದಿನ ಇಳಿಜಾರಿನಲ್ಲಿ ಇಬ್ರಾರ್ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದ. ಪಟ್ಟಿ ಕಟ್ಟಿದವರು ಫ್ರಾವ್ ಲೆನ್‌ಹಾರ್ಟ್. ಊಟವಾದ ಮೇಲೆ ನಾಜ್ನೀನ್ ಕೊಟ್ಟಿಗೆಯಲ್ಲಿ ಅವನ ಸೈಕಲ್ಲಿನ ಬ್ರೇಕ್ ಬಿಚ್ಚಿಕೊಂಡು ಕೂತಿದ್ದಳು.

*

ಊರಿನ ಡಾಕ್ಟರು ಅಜ್ಜಿಯ ಕೈಗೆ ಪಟ್ಟಿ ಬಿಗಿದರು. ಮೂಳೆ ಸೀಳಿದೆ, ನೊಯ್‌ಸ್ಟಾಟ್ ಆಸ್ಪತ್ರೆಗೆ ಹೋಗಿ ಎಂದರು. ಅಜ್ಜಿ ಅಂಗಳದ ಬೆಂಚು ಬಿಟ್ಟು ಅಲ್ಲಾಡಲಿಲ್ಲ.

“ಪೊಲೀಸರಿಗೆ ಫೋನ್ ಮಾಡಿದ್ದೇನೆ. ಬೀಳುವುದು ಯಾರಿಗೂ ತಪ್ಪಿದ್ದಲ್ಲ. ಆದರೆ ಬಿದ್ದವಳನ್ನು ನೋಡಿ ನಡೆದುಹೋದನಲ್ಲ, ಅವನ ಹೆಸರು ನನಗೆ ಬೇಕು.”

ಬಳಗ ಸುತ್ತ ನಿಂತಿತ್ತು. ಯಾರಿಗೂ ತಿಂಡಿ ಬೇಡವಾಗಿತ್ತು. ಚಂದನ್ ಒಬ್ಬ ಬ್ರೆಡ್ ಮುರಿಯುತ್ತಿದ್ದ, ಕೈಗವಸನ್ನೂ ತೆಗೆಯದೆ.

“ಅವನು ಏನಾದರೂ ಮಾತಾಡಿದನಾ?” ನಾಜ್ನೀನ್ ಕೇಳಿದಳು.

“ಒಂದೇ ಮಾತು. ಶೈಸೆ ಅಂದ.”

ಎಲ್ಲರ ಕಣ್ಣೂ ಸುಹಾಸನತ್ತ ತಿರುಗಿದವು. ಸುಹಾಸ್ ಕೆಂಪಗಾದ. “ಇಷ್ ವಾರ್ಸ್ ನಿಷ್ಟ್! ನಾನಲ್ಲ ಅಪ್ಪಾ, ನಾನು ಮಲ್ಗಿದ್ದೆ!”

“ಆ ಬೈಗುಳಕ್ಕ ಇಲ್ಲೇ ಹುಟ್ಟಬೇಕಂತಿಲ್ಲ,” ಎಂದಳು ನಾಜ್ನೀನ್. “ಜರ್ಮನಿಗೆ ಬಂದ ಮೊದಲನೇ ವಾರ ಎಲ್ಲಾರೂ ಕಲಿಯೋದು ಅದೊಂದ.”

“ಹೋಗ್ಲಿ, ಬೆಳಗ್ಗೆ ಯಾರ್ ಯಾರು ಎಲ್ಲಿದ್ರು ಹೇಳ್ಬಿಡೋಣ,” ಎಂದ ಚಂದನ್. “ರಾಯರು, ನಾಜ್ನೀನ್ ಬೇಕರೀಲಿ. ನಾನು ರೂಮಲ್ಲಿ, ಸುಹಾಸ್ ಅವನ ರೂಮಲ್ಲಿ. ಇಬ್ರಾರ್, ನೀನೆಲ್ಲಿದ್ದೆ ಮಗಾ? ನಾನು ಕಿಟಕಿ ತೆಗೆದಾಗ ನೀನು ಗೇಟಿಂದ ಒಳಗೆ ಬರ್ತಾ ಇದ್ದೆ. ಶೂ ಎಲ್ಲ ಕೆಸರು. ನಿನ್ನೆ ರಾತ್ರಿ ಆ ಸೈಕಲ್ ಸವರಿ ಸವರಿ ನೋಡ್ತಿದ್ದೆ ಬೇರೆ.”

ಇಬ್ರಾರನ ಕೈ ಜೆರ್ಸಿಯ ಹಿಂದಿನ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

“ಸುಮ್ನ ಅಡ್ಡಾಡಾಕ ಹೋಗಿದ್ದೆ.”

“ಎಲ್ಲಿಗೆ?”

ಇಬ್ರಾರ್ ತನ್ನ ಕೆಸರು ಶೂ ನೋಡಿಕೊಂಡ. ರಾಯರು ತಲೆ ತಗ್ಗಿಸಿದರು. ಮುಂದಿನ ತಿಂಗಳು ಇಬ್ರಾರನ ವೀಸಾ ಮುಗಿದು ವಾಸದ ಪರವಾನಗಿ ಆಗಬೇಕಿತ್ತು. ಅಜ್ಜಿಯ ಕೈ ಮುರಿದು ಓಡಿಹೋದವನು ಎಂದು ಪೊಲೀಸರು ಬರೆದುಕೊಂಡರೆ ಕಲೋನಿನ ವೀಸಾ ಆಫೀಸು ಏನು ಮಾಡೀತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ನಾಜ್ನೀನ್ ಹುಡುಗನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

“ಜೇಬಿನ್ಯಾಗ ಏನೈತಿ, ತಗಿ.”

“ಆಪಾ, ಬ್ಯಾಡ.”

“ತಗಿ ಅಂದೆ.”

ಹೊರಗೆ ಬಂದದ್ದು ನಾಲ್ಕಾರು ಅಂಜೂರ. ಜಜ್ಜಿ ಮುದ್ದೆಯಾಗಿದ್ದವು.

“ಚರ್ಚ್ ಕಂಪೌಂಡಿಂದು,” ಎಂದ ಇಬ್ರಾರ್. ತುಟಿ ಕೆರೆದುಕೊಂಡ. “ಗ್ವಾಡಿ ಹತ್ತಿ ಹರದೆ. ಪಾದ್ರಿ ದೂರದಿಂದ ಚೀರಿದ್ರು, ಓಡಿ ಬಂದೆ. ಇಲ್ಲಿ ಕಳವಂದ್ರ ಪೊಲೀಸ್ ಕೇಸ್ ಅಲ್ಲೇನಾಪಾ?”

ನಾಜ್ನೀನಳಿಗೆ ನಗು ಬಂತು, ಸಿಟ್ಟೂ ಬಂತು. ಹುಡುಗನ ತುಟಿಯ ಸುತ್ತ ಅಂಜೂರದ ಹಾಲು ತಾಗಿ ಕೆಂಪು ದದ್ದು ಎದ್ದಿತ್ತು. ಚರ್ಚು ಇದ್ದದ್ದು ಊರಿನ ಆ ತುದಿಗೆ.

“ಹುಚ್ಚಪ್ಪ. ಅಂಜೂರ ಮುಚ್ಚಿಡಾಕ ಹೋಗಿ ಅಜ್ಜಿ ಕೈ ಮುರದಿದ್ದು ತಲಿ ಮ್ಯಾಲ ಹೊತ್ಕೊಳ್ಳಾವ ಇದ್ದಿ.”

“ನೀವು ಹೇಳಿದ್ರ ನಂಬ್ತಾರೇನು?”

“ಪಾದ್ರಿಗೂ ಕಂಡಿದ್ದು ಜೆರ್ಸಿ ಒಂದ. ಅದಕ್ಕ ಮಾಡಿದವನ್ನ ಹಿಡದ ತೋರಿಸ್ಬೇಕು.”

ಅವಳು ಮತ್ತೆ ಕೋಟೆ ರಸ್ತೆಗೆ ಹೋದಳು. ಡಾಂಬರಿನ ಮೇಲೆ ಟೈರಿನ ಕಪ್ಪು ಗೆರೆ ಒಂದೇ ಒಂದು. ದಪ್ಪಗೆ ಶುರುವಾಗಿ ಗೇಣುದ್ದದಲ್ಲಿ ಕಡಿದುಹೋಗಿತ್ತು. ಸೈಕಲ್ಲನ್ನು ಸುತ್ತಿ ನೋಡಿದಳು. ಪೆಡಲ್ಲಿಗೆ ಒಂದು ಗೀರೂ ಇರಲಿಲ್ಲ. ಉಜ್ಜಿದ್ದದ್ದು ಸೀಟಿನ ಹಿಂಭಾಗ ಮತ್ತು ಹ್ಯಾಂಡಲ್ಲಿನ ಮೂತಿ. ಪಕ್ಕಕ್ಕೆ ಬಿದ್ದ ಸೈಕಲ್ಲಲ್ಲ ಇದು, ಪಲ್ಟಿ ಹೊಡೆದದ್ದು.

ನಾಜ್ನೀನ್ ಬ್ರೇಕ್ ಹಿಡಿದು ನೋಡಿದಳು. ಬಲಗೈದು. ಆಮೇಲೆ ಎಡಗೈದು. ಹಾಗೇ ನಿಂತುಬಿಟ್ಟಳು.

“ಅಂದ್ರ ಹಿಂಗೈತಿ,” ಎಂದಳು ತನಗೆ ತಾನೇ.

*

ಅಂಗಳ ಕೊಟ್ಟಿಗೆಯಿಂದ ಗೇಟಿನವರೆಗೆ ತುಸು ಇಳಿಜಾರು. ಇಬ್ರಾರನ ಸೈಕಲ್ ಕೊಟ್ಟಿಗೆಯ ಬಾಗಿಲಿಗೆ ಒರಗಿತ್ತು.

“ಚಂದನ್, ಅಜ್ಜಿ ಟ್ರ್ಯಾಕ್ಟರ್ ಹೊರಗ ಬರಬೇಕಂತ. ಆ ಸೈಕಲ್ ಹತ್ತಿ ಗೇಟ್ ತನಕ ಬಿಟ್ಟು ಬಾ.”

ಚಂದನ್ ಹ್ಯಾಂಡಲ್ ಎತ್ತಿದ. ಮುಂದಿನ ಗಾಲಿ ತಿರುಗಿಸಿದ. ಬಲಗೈ ಬ್ರೇಕ್ ಒತ್ತಿದ, ಗಾಲಿ ಗಕ್ಕನೆ ನಿಂತಿತು. ತಲೆಯಾಡಿಸಿ ಹತ್ತಿದ. ಎಡಗೈ ಬ್ರೇಕನ್ನಷ್ಟೇ ಮೆಲ್ಲಗೆ ಹಿಡಿಯುತ್ತ ಗೇಟಿನ ಹತ್ತಿರ ನಿಂತ.

“ಛೆ, ಬ್ಯಾಡ, ವಾಪಸ್ ತಾ. ಸುಹಾಸ್, ನೀ ಒಂಚೂರು ಬಿಟ್ಟು ನೋಡಪ್ಪ.”

ಸುಹಾಸ್ ಹಾರಿ ಕೂತು ಜಾರಿದ. ಗೇಟಿನ ಬಳಿ ಬ್ರೇಕ್ ಹಿಡಿದ. ಹಿಂದಿನ ಗಾಲಿ ಗಾಳಿಗೆದ್ದಿತು. ಕಾಲು ಊರಿ ಹೇಗೋ ಬಚಾವಾದ.

“ಶೈಸೆ! ಆಂಟೀ, ಈ ಬ್ರೇಕ್ ಉಲ್ಟಾ ಇದೆ!”

“ನಮ್ಮೂರ ಲೆಕ್ಕದಾಗ ಸರಿಯಾಗೇ ಐತಿ,” ಎಂದಳು ನಾಜ್ನೀನ್. ರಾಯರತ್ತ ತಿರುಗಿದಳು. “ರಾಯರ, ಸಿಟ್ಟಾಗಬ್ಯಾಡ್ರಿ. ನಿಮ್ಮದೊಂದು ಗುಟ್ಟು ಹೇಳಲೇಬೇಕು.”

ರಾಯರು ಕಣ್ಣು ಮುಚ್ಚಿಕೊಂಡರು. “ಹೇಳಮ್ಮ. ಮಾನ ಹೋದ್ರೆ ಹೋಗ್ಲಿ, ಹುಡುಗ ಉಳೀಲಿ.”

ನಾಜ್ನೀನ್ ಅಜ್ಜಿಗೆ ಅರ್ಥವಾಗಲೆಂದು ಜರ್ಮನ್‌ನಲ್ಲಿ, ನಡುನಡುವೆ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ನಮ್ಮ ದೇಶದಲ್ಲಿ ಬಲಗೈ ಬ್ರೇಕ್ ಮುಂದಿನ ಗಾಲಿಗೆ, ಎಡಗೈದು ಹಿಂದಿನದಕ್ಕೆ. ಜರ್ಮನಿಯಲ್ಲಿ ತದ್ವಿರುದ್ಧ. ಬುದ್ಧಿ ಬೇಗ ಕಲಿಯುತ್ತದೆ, ಕೈ ಕಲಿಯುವುದಿಲ್ಲ. ಗಾಬರಿಯಾದಾಗ ಕೈ ಹುಟ್ಟೂರಿಗೇ ಓಡುತ್ತದೆ. ನಿನ್ನೆ ಇಬ್ರಾರ್ ಬಿದ್ದದ್ದು ಅದಕ್ಕೇ. ಹಿಂದಿನದೆಂದು ಎಡಗೈ ಒತ್ತಿದ, ನಿಂತದ್ದು ಮುಂದಿನ ಗಾಲಿ. ರಾತ್ರಿ ಅವನ ಬ್ರೇಕ್ ಕೇಬಲ್ ಅದಲುಬದಲು ಮಾಡಿದೆ. ಯಾರಿಗೂ ಹೇಳಲಿಲ್ಲ, ಹುಡುಗ ನಾಚಿಕೊಂಡ. ರಾಯರದನ್ನೂ ವಸಂತದಲ್ಲಿ ಹಾಗೇ ಮಾಡಿಕೊಟ್ಟಿದ್ದೆ. ಇಷ್ಟು ವರ್ಷ ಇಲ್ಲಿದ್ದೂ ಕೈ ಕಲಿತಿಲ್ಲ ಅಂದರೆ ಮಗ ನಗುತ್ತಾನೆ, ಹೇಳಬೇಡ ಅಂದಿದ್ದರು.

“ಅಪ್ಪಾ!” ಎಂದ ಸುಹಾಸ್.

“ಸುಮ್ನಿರೋ.”

“ಅಜ್ಜಿ ಮೇಲೆ ಬಿದ್ದವನು ಹ್ಯಾಂಡಲ್ ದಾಟಿ ಹಾರಿದ,” ನಾಜ್ನೀನ್ ಮುಂದುವರಿಸಿದಳು. “ರಸ್ತೆ ಮೇಲಿನ ಗೆರೆ ಮುಂದಿನ ಟೈರಿನದು. ರಾಯರ ಸೈಕಲ್ಲಿನಲ್ಲಿ ಇಬ್ರಾರ್ ಕೂತಿದ್ದರೆ ಅವನ ಕೈ ಸರಿಯಾದ ಬ್ರೇಕನ್ನೇ ಹಿಡಿಯುತ್ತಿತ್ತು, ಹಾರುತ್ತಿರಲಿಲ್ಲ. ಹಾರಿದವನ ಕೈ ಜರ್ಮನಿಯಲ್ಲಿ ಕಲಿತ ಕೈ. ಅಂಥವು ಇಲ್ಲಿ ಎರಡೇ. ಇಲ್ಲೇ ಬೆಳೆದ ಸುಹಾಸನದು, ಹೈಡೆಲ್‌ಬರ್ಗಿನಲ್ಲಿ ಕಲಿತ ಚಂದನನದು.”

“ಅಲ್ಲ ಗುರು, ಈಗ್ತಾನೆ ನಾನೇ ಓಡಿಸ್ದೆ, ಬಿದ್ನಾ?” ಚಂದನ್ ನಕ್ಕ. “ಬಿದ್ದಿದ್ದು ಸುಹಾಸ್!”

“ಅದಕ್ಕ ನಿನ್ನನ್ನ ಮೊದಲ ಹತ್ತಿಸಿದ್ದು. ಬ್ರೇಕ್ ಉಲ್ಟಾ ಇರಬಹುದು ಅಂತ ಸುಹಾಸನಿಗೆ ಗೊತ್ತಿರಲಿಲ್ಲ, ಬೀಳೋದ್ರಾಗಿದ್ದ. ನೀ ಗಾಲಿ ಎತ್ತಿ, ಯಾವ ಬ್ರೇಕ್ ಯಾವುದಕ್ಕ ಅಂತ ನೋಡಿ ಹತ್ತಿದಿ. ನಿನ್ನೆ ಇದೇ ಸುಹಾಸನ ಸೈಕಲ್ ಕಸ್ಕೊಂಡು ಹತ್ತಿದ್ಯಲ್ಲ, ಆವಾಗ ಯಾಕ ನೋಡಲಿಲ್ಲ? ಒಂದ ರಾತ್ರಿಯಾಗ ನಿನಗ ಈ ಪಾಠ ಯಾರು ಕಲಿಸಿದ್ರು?”

ಚಂದನನ ನಗು ಅರ್ಧಕ್ಕೇ ನಿಂತಿತು.

“ಕೈಗವಸು ತಗಿ, ಚಂದನ್. ಇಷ್ಟು ಬಿಸಿಲಾಗ ಬ್ರೆಡ್ ತಿನ್ನಾಕೂ ಹಾಕ್ಕೊಂಡೀಯಲ್ಲ.”

ಚಂದನ್ ಒಂದೊಂದೇ ಬೆರಳು ಬಿಡಿಸಿ ಕೈಗವಸು ತೆಗೆದ. ಎರಡೂ ಅಂಗೈ ಹಸಿಹಸಿ ಕೆತ್ತಿಹೋಗಿದ್ದವು.

“ಬರೀ ಒಂದು ಸಲ ಹತ್ತಿ ನೋಡೋಣ ಅಂತ,” ಎಂದ. “ಸೈಕಲ್ಲೋ ನಾನೋ ಅಂತ. ಎಲ್ಲರೂ ಏಳೋದ್ರೊಳಗೆ ತಂದಿಟ್ಬಿಡೋಣ ಅಂದ್ಕೊಂಡೆ. ಮುಂದಿನ ತಿಂಗಳು ನನ್ನ ಐನ್‌ಬ್ಯುರ್ಗೆರುಂಗ್... ಇಷ್ಟು ವರ್ಷ ಕಾದಿದೀನಿ. ಪೌರತ್ವದ ಫೈಲಲ್ಲಿ ಒಂದು ಪೊಲೀಸ್ ಕೇಸು ಬಿದ್ರೆ...”

“ನಿನ್ನ ಕಾಗದ ಉಳೀಲಿ ಅಂತ ಇವನ ಕಾಗದ ಹರಿಯಾಕ ಹೋದ್ಯಲ್ಲೋ,” ಎಂದಳು ನಾಜ್ನೀನ್. ದನಿ ಏರಿರಲಿಲ್ಲ.

ಚಂದನ್ ಇಬ್ರಾರನ ಕಡೆ ನೋಡಿದ. ನೋಡಲಾಗದೆ ಅಜ್ಜಿಯ ಕಡೆ ತಿರುಗಿ, ಜರ್ಮನ್‌ನಲ್ಲಿ, ತಡವರಿಸುತ್ತ, ಅಷ್ಟೂ ಹೇಳಿದ.

ಫ್ರಾವ್ ಲೆನ್‌ಹಾರ್ಟ್ ಕೇಳಿಸಿಕೊಂಡರು. “ಕೋಟೆ ಹತ್ತಲು ಎಷ್ಟು ಹೊತ್ತು ಹಿಡಿಯಿತು?”

“ನಿನ್ನೆಗಿಂತ ಜಾಸ್ತಿ,” ಎಂದ ಚಂದನ್.

“ಹಾಗಾದರೆ ಸೈಕಲ್ಲಿನದು ತಪ್ಪಿಲ್ಲ.”

ರಾಯರು ನಗಬಾರದೆಂದು ಗಡ್ಡ ಹಿಡಿದುಕೊಂಡರು.

ಹೊರಗೆ ಕಾರು ನಿಂತ ಸದ್ದಾಯಿತು. ಇಬ್ಬರು ಪೊಲೀಸರು ಗೇಟು ತಳ್ಳಿ ಒಳಗೆ ಬಂದರು. ಒಂದೇ ಬಣ್ಣದ ಜೆರ್ಸಿಯ ಐದು ಜನರನ್ನು ನೋಡಿದರು. ಕಣ್ಣು ಇಬ್ರಾರನ ಕೆಸರು ಶೂ, ಮೊಣಕಾಲಿನ ಪಟ್ಟಿಯ ಮೇಲೆ ಬಂದು ನಿಂತಿತು. ಇಬ್ರಾರನ ಕೈ ಮತ್ತೆ ಹಿಂದಿನ ಜೇಬಿಗೆ ಹೋಯಿತು.

“ಇವರಲ್ಲಿ ಯಾರು, ಫ್ರಾವ್ ಲೆನ್‌ಹಾರ್ಟ್?”

“ಅವನೇ ಹೇಳುತ್ತಾನೆ,” ಎಂದರು ಅಜ್ಜಿ.

ಚಂದನ್ ಒಂದು ಹೆಜ್ಜೆ ಮುಂದೆ ಬಂದು, ಶಾಲೆಯ ಹುಡುಗನಂತೆ, ಕೆತ್ತಿಹೋದ ಬಲಗೈ ಮೇಲೆತ್ತಿದ.